ತುಂಡಿಲ್ಲದೆ ಓಡಿದ ಮಿಡತೆ ಕಾರು

ಆ ಕಾರಿನೊಳಗೆ ಕಿಡಿ ಹಂಚುವ ತುಂಡು ಇರಲಿಲ್ಲ. ಅದಿಲ್ಲದೆ ಅಂಥ ಕಾರು ಓಡುವುದಿಲ್ಲ. ಆದರೂ ಅದು ಶ್ರೀನಿವಾಸಪುರದಿಂದ ಕೋಲಾರದ ಆಸ್ಪತ್ರೆ ಬಾಗಿಲವರೆಗೆ ಓಡಿತು. ನಡೆದದ್ದು ಇಷ್ಟೇ. ದೆವ್ವ ಓಡಿಸಿತು ಅನ್ನುವವರು ದೆವ್ವವನ್ನು ನೋಡಲಿಲ್ಲ. ದೇವರು ಓಡಿಸಿದ ಅನ್ನುವವರು ದೇವರನ್ನೂ ನೋಡಲಿಲ್ಲ. ಆ ಕಾರಿನಲ್ಲಿ ಕೂತಿದ್ದವಳು ನಾನು. ನಾನೂ ಯಾರನ್ನೂ ನೋಡಲಿಲ್ಲ.

ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇಂಥ ಕತೆಗಳನ್ನು ನಂಬುವವಳಲ್ಲ ನಾನು. ನನ್ನ ತವರು ವಕ್ಕಲೇರಿ. ಅಲ್ಲಿ ನಮ್ಮ ಹೊಲಕ್ಕೆ ಹೋಗುವ ದಾರಿ ಮಸಣದ ಪಕ್ಕದಲ್ಲೇ ಇತ್ತು. ಮಟಮಟ ಮಧ್ಯಾಹ್ನ ಬುತ್ತಿ ಹೊತ್ತುಕೊಂಡು ಒಬ್ಬಳೇ ಹೋಗುತ್ತಿದ್ದೆ. ಅಲ್ಲಿನ ಹುಣಸೇಮರದಲ್ಲಿ ಹುಣಸೇಕಾಯಿ ಬಿಟ್ಟು ಬೇರೇನೂ ನೇತಾಡಿದ್ದನ್ನು ನಾನು ಕಾಣಲಿಲ್ಲ. ನಮ್ಮ ಚಿಕ್ಕಪ್ಪ ಮಾತ್ರ ಅದೇ ಮರದಡಿ ಮೋಹಿನಿಯನ್ನು ಕಂಡೆ ಎಂದು ಊರೆಲ್ಲ ಹೇಳಿಕೊಂಡು ಬಂದ. ಎಷ್ಟು ಹೆಂಡ ಕುಡಿದಿದ್ದೆ ಚಿಕ್ಕಪ್ಪ ಎಂದು ಕೇಳಿದ್ದಕ್ಕೆ ಅಮ್ಮ ನನ್ನ ತಲೆಗೆ ಮೊಟಕಿದಳು. ನಾನು ಕೇಳಿದ್ದು ತಪ್ಪು ಎಂದು ಈಗಲೂ ಅನ್ನಿಸುವುದಿಲ್ಲ.

ನನ್ನನ್ನು ಶ್ರೀನಿವಾಸಪುರಕ್ಕೆ ಕೊಟ್ಟರು. ಮಾವಿನ ವ್ಯಾಪಾರದ ಮನೆ. ಅತ್ತೆ ಇದ್ದರು, ನಮ್ಮ ಯಜಮಾನರು ಇದ್ದರು, ಯಜಮಾನರ ಅಣ್ಣ ಚೌಡಪ್ಪ ಇದ್ದರು. ಭಾವನಿಗೆ ಮದುವೆಯಾದ ವರ್ಷವೇ ಹೆಂಡತಿ ತೀರಿಕೊಂಡಿದ್ದಳು. ಇನ್ನೊಂದು ಹೆಣ್ಣು ತನ್ನಿ ಎಂದು ಎಲ್ಲರೂ ಹೇಳಿದರು. ಅವರು ಕಾರು ತಂದರು.

ಚಿನ್ನದ ಗಣಿಯಲ್ಲಿದ್ದ ಒಬ್ಬ ಬಿಳಿ ದೊರೆ ಯುದ್ಧಕ್ಕೆ ಹೋಗುವಾಗ ಮಾರಿಬಿಟ್ಟ ಕಾರು ಅದು. ಆಗಲೇ ಹಳೆಯದು. ಸ್ಪೋರ್ಟ್ಸ್ ಕಾರು ಎಂದು ಭಾವ ಹೇಳುತ್ತಿದ್ದರು. ಇಬ್ಬರು ಕೂತರೆ ಮೂರನೆಯವರಿಗೆ ಜಾಗವಿಲ್ಲ. ತಲೆಯ ಮೇಲೆ ಸೂರಿಲ್ಲ. ಮೂತಿ ಮಾತ್ರ ಮಾರುದ್ದ. ಒಂದು ಮಂಕರಿ ಕಾಯಿ ಇಡಲಾಗದ ಕಾರು ಮಾವಿನ ವ್ಯಾಪಾರಿಗೆ ಯಾಕೆ ಎಂದು ನಾನು ಕೇಳಿದೆ. "ನಿಂಗದು ತಿಳಿಯಾಕಿಲ್ಲ ಬಿಡಮ್ಮ" ಎಂದರು. ಹಸಿರು ಬಣ್ಣ, ಉದ್ದ ಮೂತಿ, ಕುಪ್ಪಳಿಸುವ ಓಟ. ಊರವರು ಅದಕ್ಕೆ ಮಿಡತೆ ಎಂದು ಹೆಸರಿಟ್ಟರು. ನನ್ನ ಮಗಳು ರತ್ನಳನ್ನು ಭಾವ ತೊಡೆಯ ಮೇಲೆ ಕೂರಿಸಿಕೊಂಡು ಸಂಜೆ ಸಂತೆಬೀದಿಗೆ ಒಂದು ಸುತ್ತು ಹಾಕುತ್ತಿದ್ದರು. ಆ ಕಾರಿನಿಂದ ನಮ್ಮ ಮನೆಗಾದ ಉಪಯೋಗ ಅಷ್ಟು.

ಅದು ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು. ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಹಾಗಾಗಿ ಪೆಟ್ರೋಲು ಹಾಕಿದ ಕಾರನ್ನು ಯಾರಾದರೂ ಓಡಿಸಿಕೊಂಡು ಹೋಗಿಬಿಟ್ಟಾರು ಎಂದು ಭಾವನಿಗೆ ಭಯ. ಕಾರು ನಿಲ್ಲಿಸಿದ ತಕ್ಷಣ ಮೂತಿಯ ತಗಡು ಎತ್ತಿ, ಮ್ಯಾಗ್ನೆಟೊ ಎಂಬ ಭಾಗದ ಮುಚ್ಚಳ ಬಿಚ್ಚಿ, ಒಳಗಿನಿಂದ ಒಂದು ತುಂಡನ್ನು ಕಿತ್ತುಕೊಂಡು ಬರುತ್ತಿದ್ದರು. ಹೆಬ್ಬೆರಳಿನಷ್ಟು ಕರೀ ತುಂಡು, ತುದಿಗೆ ಹಿತ್ತಾಳೆ ಪಟ್ಟಿ. ಎಂಜಿನ್ನಿಗೆ ಕಿಡಿ ಹಂಚುವುದು ಅದೇ. ಅದಿಲ್ಲದಿದ್ದರೆ ಈ ಕಾರು ಮಾಡಿದವನೇ ಬಂದರೂ ಇದನ್ನು ಎಬ್ಬಿಸಲಾರ ಎಂದು ನಗುತ್ತಿದ್ದರು. ತುಂಡನ್ನು ತಂದು ಅತ್ತೆಯ ಅಂಗೈಗೆ ಹಾಕಿ, "ಇಕ್ಕೋಮ್ಮಾ, ಕಾರು ನಿನ್ ಕೈಯಾಗೈತೆ" ಎನ್ನುತ್ತಿದ್ದರು. ಅತ್ತೆ ಅದನ್ನು ಎಲೆಅಡಿಕೆ ಚೀಲದಲ್ಲಿ ಹಾಕಿ ದಾರ ಬಿಗಿಯುತ್ತಿದ್ದರು.

ಒಂದು ವರ್ಷ ದಸರಾ ಕಳೆದ ಮೇಲೆ ಭಾವನಿಗೆ ವಿಷಮಶೀತ ಜ್ವರ ಬಂತು. ಹೋದರು. ನಮ್ಮಲ್ಲಿ ಹೂಳುವ ಪದ್ಧತಿ. ತೋಪಿನ ಅಂಚಿನಲ್ಲಿ ಮಣ್ಣು ಮಾಡಿದರು. ಸತ್ತವರಿಗೆ ಇಷ್ಟವಾದದ್ದನ್ನು ಜೊತೆಗಿಟ್ಟು ಕಳಿಸುವುದು ನಮ್ಮಲ್ಲಿ ಉಂಟು. ಅತ್ತೆ ತಮ್ಮ ಎಲೆಅಡಿಕೆ ಚೀಲವನ್ನೇ ಮಗನ ತಲೆಯ ಪಕ್ಕ ಇಟ್ಟರು. ನಾವೆಲ್ಲ ನೋಡಿದೆವು. ಚೀಲದೊಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ. ಎಲೆಅಡಿಕೆ ಚೀಲದಲ್ಲಿ ಎಲೆಅಡಿಕೆ ಇರುತ್ತದೆ ಎಂದುಕೊಂಡೆವು. ಕಾರನ್ನು ಹಿತ್ತಿಲಿನ ಚಪ್ಪರದಡಿ ತಳ್ಳಿದರು. ಅದರಲ್ಲಿ ಕೋಳಿಗಳು ಸಂಸಾರ ಹೂಡಿದವು.

ಮುಂದಿನ ಮಾವಿನ ಸುಗ್ಗಿ ಬಂತು. ರತ್ನಳಿಗೆ ಗಂಟಲು ನೋವು ಎಂದು ಶುರುವಾಯಿತು. ನಾನು ಅರಿಶಿನದ ಹಾಲು ಕುಡಿಸಿದೆ. ಎರಡನೆಯ ದಿನ ಮಧ್ಯಾಹ್ನ ಕಳೆಯುವ ಹೊತ್ತಿಗೆ ಅವಳ ಉಸಿರಿನಲ್ಲಿ ಗರಗಸ ಎಳೆದ ಹಾಗೆ ಸದ್ದು ಬರತೊಡಗಿತು. ಯಜಮಾನರು ಹೋಗಿ ಡಾಕ್ಟರನ್ನು ಕರೆತಂದರು. ಅವರು ಮಗುವಿನ ಬಾಯಿ ತೆರೆಸಿ, ನನಗೂ ತೋರಿಸಿದರು. ಗಂಟಲೊಳಗೆ ಬೂದು ಬಣ್ಣದ ಪೊರೆ ಕಟ್ಟಿತ್ತು. ಗಂಟಲಮಾರಿ. ಇದಕ್ಕೆ ಇಂಜೆಕ್ಷನ್ನು ಕೋಲಾರದ ಆಸ್ಪತ್ರೆಯಲ್ಲಿ ಮಾತ್ರ ಇದೆ, ಈಗಲೇ ಹೊರಡಿ, ಬೆಳಗಿನವರೆಗೆ ಕಾಯಬೇಡಿ ಎಂದರು. ಬೆಳಗಿನವರೆಗೆ ಕಾದರೆ ಏನು ಎಂದು ನಾನು ಕೇಳಿದೆ. ಅವರು ಪೆಟ್ಟಿಗೆ ಮುಚ್ಚಿ, ಮೊದಲು ಗಾಡಿ ನೋಡಿ ಎಂದರು.

ಕಡೆಯ ಬಸ್ಸು ಹೋಗಿಯಾಗಿತ್ತು. ಎತ್ತಿನ ಗಾಡಿ ಕಟ್ಟಿದರೆ ಕೋಲಾರ ಮುಟ್ಟುವಾಗ ಬೆಳಗಾಗುತ್ತದೆ. ಪಕ್ಕದ ಮನೆಯ ಬಾಷಾ ಸಾಬರು ಬಸ್ಸಿನ ಡ್ರೈವರು. ಅವರ ಬಸ್ಸು ರಿಪೇರಿಗೆಂದು ಕೋಲಾರದಲ್ಲೇ ನಿಂತಿತ್ತು, ಅವರು ಮನೆಯಲ್ಲಿದ್ದರು. ನಾನು ಬೇಲಿಯ ಮೇಲಿಂದ ಕೂಗಿದೆ. ಬಂದು ಮಗುವನ್ನು ನೋಡಿದರು. ಆಮೇಲೆ ಚಪ್ಪರದ ಕಡೆ ನೋಡಿದರು.

"ಪೆಟ್ರೋಲು ಐತಾ?"

"ಅಣ್ಣ ಇಟ್ಟಿದ್ದ ಡಬ್ಬದಾಗೆ ಒಂದಿಷ್ಟೈತೆ" ಎಂದರು ಯಜಮಾನರು.

"ಹಂಗಾರೆ ಆ ಕೋಳಿ ಎಬ್ಬಿಸಿ ಅಕ್ಕಾ. ನಾ ಎಬ್ಬಿಸಿದ್ರೆ ನಿಮ್ಮತ್ತೆ ನಮ್ಮ ಏಳು ತಲೆ ಬೈತಾರೆ."

ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಅದನ್ನು ಎತ್ತಿ ಆಚೆಗೆಸೆದೆ. ಮೊಟ್ಟೆಗಳನ್ನು ಸೆರಗಿಗೆ ಸುರಿದುಕೊಂಡು ಒಲೆಯ ಪಕ್ಕ ಇಟ್ಟು ಬಂದೆ. ಇಬ್ಬರೂ ಸೇರಿ ಕಾರನ್ನು ಮನೆಯ ಮುಂದಕ್ಕೆ ತಳ್ಳಿದರು.

ಬಾಷಾ ಸಾಬರು ಪೆಟ್ರೋಲನ್ನು ಪಂಚೆಯ ಚೂರಿನಲ್ಲಿ ಶೋಧಿಸಿ ಸುರಿದರು. ಯಜಮಾನರು ಕಾರಿನ ಮೂತಿಗೆ ಎಂಜಿನ್ನು ಎಬ್ಬಿಸುವ ಹ್ಯಾಂಡಲ್ ಹಾಕಿ ತಿರುಗಿಸಿದರು. ಏನೂ ಇಲ್ಲ. ಬಾಷಾ ಸಾಬರು ಪೆಟ್ರೋಲು ಹೋಗುವ ಕೊಳವೆ ಬಿಚ್ಚಿ ಬಾಯಿಟ್ಟು ಊದಿದರು. ಒಳಗಿನಿಂದ ಕಸ ಬಂತು, ಉಗಿದರು, ಮತ್ತೆ ಜೋಡಿಸಿದರು. ತಿರುಗಿಸಿದರೆ ಏನೂ ಇಲ್ಲ. ಪ್ಲಗ್ಗುಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಚೆನ್ನಾಗಿ ಉಜ್ಜಿ ಕೆಂಡದ ಮೇಲೆ ಬಿಸಿ ಮಾಡಿಕೊಂಡು ಬನ್ನಿ ಎಂದರು. ರಾಗಿ ಹಿಟ್ಟಿನ ಎಸರು ಇಳಿಸಿ ಅದೇ ಒಲೆಯಲ್ಲಿ ಬಿಸಿ ಮಾಡಿ ಇಕ್ಕಳದಲ್ಲಿ ಹಿಡಿದು ತಂದೆ. ಹಾಕಿದರು, ತಿರುಗಿಸಿದರು, ಏನೂ ಇಲ್ಲ. ಮಾವಿನ ಮಂಡಿಯಿಂದ ಆಳುಗಳು ಬಂದು ಬೀದಿಯುದ್ದಕ್ಕೂ ತಳ್ಳಿದರು. ಕಾರು ಸತ್ತ ಎಮ್ಮೆಯ ಹಾಗೆ ಹೋಯಿತು, ಸತ್ತ ಎಮ್ಮೆಯ ಹಾಗೆ ಬಂತು. ಅಷ್ಟೂ ಹೊತ್ತು ಜಗಲಿಯ ಮೇಲೆ ಅತ್ತೆ ರತ್ನಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಆ ಗರಗಸದ ಸದ್ದು ಬೀದಿಗೂ ಕೇಳುತ್ತಿತ್ತು.

ಆಮೇಲೆ ಬಾಷಾ ಸಾಬರು ಒಂದು ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ ಎಂಜಿನ್ನಿನ ಮೇಲೆ ಮಲಗಿಸಿದರು. ಯಜಮಾನರು ತಿರುಗಿಸುತ್ತಿದ್ದಾಗ ಅದರ ತುದಿಯನ್ನೇ ಬಗ್ಗಿ ನೋಡಿದರು.

"ಕಿಡೀನೇ ಇಲ್ಲ" ಎಂದು ಮ್ಯಾಗ್ನೆಟೊ ಮುಚ್ಚಳ ತೆಗೆದರು. ನಾನೂ ಬಗ್ಗಿ ನೋಡಿದೆ. ಒಳಗೆ ಬರೀ ಒಂದು ಕಡ್ಡಿ ಎದ್ದು ನಿಂತಿತ್ತು.

"ಇದ್ರ ಮೇಲೆ ಒಂದು ತುಂಡು ಕೂರ್ಬೇಕು. ಎಲ್ಲೋಯ್ತು?"

ಗಾಬರಿಯಲ್ಲಿ ಅಷ್ಟು ಹೊತ್ತೂ ಮರೆತಿದ್ದ ಆ ತುಂಡು ಆಗ ನೆನಪಾಗಿ, ನಾನೂ ಯಜಮಾನರೂ ಒಟ್ಟಿಗೆ ಅತ್ತೆಯ ಕಡೆ ತಿರುಗಿದೆವು. ಅತ್ತೆ ಮಗುವನ್ನು ಇನ್ನಷ್ಟು ಅವುಚಿಕೊಂಡರು. ಅವರ ತವರು ರಾಯಲ್ಪಾಡು, ಹೆದರಿಕೆಯಾದರೆ ತೆಲುಗು ಬರುತ್ತಿತ್ತು.

"ವಾಡಿ ದಗ್ಗರೇ ಉಂದಿ" ಎಂದರು. ಮತ್ತೆ ಕನ್ನಡದಲ್ಲೂ ಹೇಳಿದರು. "ಅವ್ನ ಹತ್ರಾನೇ ಐತೆ ಕಣೋ. ಚೀಲದಾಗಿಟ್ಟು ಕಳಿಸ್ದೆ. ಅವ್ನ ಕಾರು ಇನ್ನೊಬ್ರು ಯಾಕೆ ಓಡಿಸ್ಬೇಕು ಅಂತ."

ತಂತಿಗಿಂತಿ ಸುತ್ತಿ ಏನಾದರೂ ಮಾಡಬಹುದೇ ಎಂದು ನಾನು ಬಾಷಾ ಸಾಬರನ್ನು ಕೇಳಿದೆ. "ಅದು ಗಿರಗಿರ ತಿರುಗೋ ಜಾಗ ಅಕ್ಕಾ. ತಂತಿ ತುರುಕಿದ್ರೆ ಒಳಗಿರೋದೂ ಮುರೀತದೆ" ಎಂದರು. ಯಜಮಾನರು ಒಳಗೆ ಹೋಗಿ ಗುದ್ದಲಿ ತಂದರು.

ಅತ್ತೆ ಮಗುವನ್ನು ನನ್ನ ಕೈಗೆ ಹಾಕಿ ಅವರಿಗೆ ಅಡ್ಡ ನಿಂತರು. "ವದ್ದುರಾ ನಾಯನಾ! ಬ್ಯಾಡ ಕಣೋ! ಮಣ್ಣು ಕಂಡ ಮಗನ್ನ ಮತ್ತೆ ಎಬ್ಬಿಸ್ತೀಯೇನೋ?"

ಯಜಮಾನರು ನಿಂತುಬಿಟ್ಟರು. ಅವರು ತಾಯಿಯ ಮಾತು ಮೀರಿದವರಲ್ಲ. "ಹೋಗಿ ಅಗೀರಿ" ಎಂದೆ. "ಅವ್ರಿಗೆ ನೋವಿಲ್ಲ. ಇವಳಿಗೆ ಉಸಿರಿಲ್ಲ."

"ನಿನ್ ಬಾಯಿಗೆ ಮಣ್ಣು ಹಾಕ!"

"ಹಾಕಿ ಅತ್ತೆ. ಮೊದ್ಲು ಅಲ್ಲಿರೋ ಮಣ್ಣು ತೆಗೀಲಿ, ಅದನ್ನೇ ತಂದು ಹಾಕಿ."

ಯಜಮಾನರು ತೋಪಿನ ಕಡೆ ಓಡಿದರು. ಅತ್ತೆ ಎದೆ ಬಡಿದುಕೊಂಡು ಹಿಂದೆಯೇ ಹೋದರು. ತಡೆಯಲು ಹೋದರೋ, ಮಗನ ಮುಖ ನೋಡಲು ಹೋದರೋ, ನನಗೆ ತಿಳಿಯದು.

ಬಾಷಾ ಸಾಬರು ಧೂಳು ಬೀಳಬಾರದು ಎಂದು ಮುಚ್ಚಳ ಹಾಕಿ ಕೊಂಡಿ ಸಿಕ್ಕಿಸಿದರು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಒಳಗೆ ಕಡ್ಡಿ ಬಿಟ್ಟು ಏನೂ ಇರಲಿಲ್ಲ. ಇದನ್ನು ಇನ್ನೊಂದು ಸಲ ಹೇಳುತ್ತೇನೆ, ಏನೂ ಇರಲಿಲ್ಲ. ಪ್ಲಗ್ಗನ್ನು ಅದರ ಜಾಗಕ್ಕೆ ಹಾಕಿದರು. ಮಗುವನ್ನು ನಾನು ಸೀಟಿನಲ್ಲಿ ಮಲಗಿಸಿದೆ. ದನಗಳು ಮನೆಗೆ ಬರುತ್ತಿದ್ದವು. ಬಿಸಿಲಿಗೆ ಕಾದು ಗಟ್ಟಿಯಾದ ನೆಲವನ್ನು ಅಗೆದು ಆಳದವರೆಗೆ ಹೋಗಲು ಎಷ್ಟು ಹೊತ್ತು ಬೇಕು ಎಂದು ನನಗೆ ಗೊತ್ತಿತ್ತು. ರತ್ನಳ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಒಂದು ಉಸಿರಾದ ಮೇಲೆ ಇನ್ನೊಂದಕ್ಕೆ ಕಾಯಬೇಕಾಗಿತ್ತು.

ನನಗೆ ಸುಮ್ಮನೆ ನಿಲ್ಲಲು ಆಗಲಿಲ್ಲ. ಹ್ಯಾಂಡಲ್ ಹಿಡಿದೆ.

"ಬಿಡಿ ಅಕ್ಕಾ, ಹ್ಯಾಂಡಲ್ ತಿರುಗಿ ಹೊಡೆದ್ರೆ ಕೈ ಮುರೀತದೆ" ಎಂದರು ಬಾಷಾ ಸಾಬರು.

"ಒಳಗೇನೂ ಇಲ್ಲ ಅಂತೀರಲ್ಲ, ಹೊಡೆಯೋದ್ಯಾರು?"

ದೇವರನ್ನು ನೆನೆದೆನೇ ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಇಲ್ಲ. ಭಾವನನ್ನು ನೆನೆದೆನೇ? ಅದೂ ಇಲ್ಲ. "ಹಾಳಾದ್ದೇ" ಎಂದು ಬೈದು ಸಿಟ್ಟಿನಿಂದ ಒಂದು ಸುತ್ತು ತಿರುಗಿಸಿದೆ.

ಕಾರು ಎದ್ದಿತು.

ಹ್ಯಾಂಡಲ್ ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು. ನಾನು ಹಿಂದಕ್ಕೆ ಬಿದ್ದೆ. ಕೆಮ್ಮಲಿಲ್ಲ, ನಡುಗಲಿಲ್ಲ, ಹೊಗೆ ಬಿಟ್ಟು ಬಿಟ್ಟು ಹತ್ತಿಕೊಳ್ಳಲಿಲ್ಲ. ಆಗಷ್ಟೇ ಸಂತೆಬೀದಿ ಸುತ್ತಿ ಬಂದ ಹಾಗೆ ಗುರ್ ಎಂದು ನಿಂತಿತ್ತು. ಮಂಡಿಯ ಆಳುಗಳು ಕಿರುಚಿಕೊಂಡು ಬೀದಿಯ ಆ ಕಡೆಗೆ ಓಡಿದರು. ಬಾಷಾ ಸಾಬರು ಎರಡು ಕೈಯನ್ನೂ ನನ್ನ ಮುಂದೆ ಬಿಡಿಸಿ ಹಿಡಿದರು. ಮುಖದಲ್ಲಿ ರಕ್ತವಿರಲಿಲ್ಲ.

"ನಾ ಏನೂ ಹಾಕಿಲ್ಲಕ್ಕಾ. ಅಲ್ಲಾನ ಆಣೆ, ನಾ ಏನೂ ಹಾಕಿಲ್ಲ."

ನಾನು ನೆಲಕ್ಕೆ ಕೈಯೂರಿ ಎದ್ದೆ. "ಹೆದ್ರಿಕೊಳ್ಳೋದು ಆಮೇಲೆ. ಹತ್ತಿ" ಎಂದೆ.

ಮಗುವನ್ನು ತೊಡೆಗೆ ಹಾಕಿಕೊಂಡು ಕೂತೆ. ಬಾಷಾ ಸಾಬರು ಸೀಟಿನ ಅಂಚಿನಲ್ಲಿ ಅರ್ಧ ಕೂತರು. ಬೇರೆ ಯಾರೋ ಕೂತಿರುವ ಕಡೆ ಜಾಗ ಮಾಡಿಕೊಂಡು ಕೂತ ಹಾಗಿತ್ತು. ಸರಿಯಾಗಿ ಕೂತ್ಕೊಳ್ಳಿ ಎಂದು ನಾನು ಹೇಳಲಿಲ್ಲ. ಭಾವ ಓಡಿಸುವಾಗ ಆ ಕಾರು ಊರ ಹೊರಗಿನ ಏರಿನಲ್ಲಿ ಯಾವಾಗಲೂ ನಿಂತುಬಿಡುತ್ತಿತ್ತು. ಅವತ್ತು ನಿಲ್ಲಲಿಲ್ಲ. ದಾರಿಯಲ್ಲಿ ಕೋಲಾರದ ಕಡೆ ಹೊರಟ ಮಾವಿನ ಗಾಡಿಗಳು ಸಾಲಾಗಿ ಸಿಕ್ಕವು. ಎತ್ತುಗಳು ಬೆದರಿ ಗಾಡಿಯವರು ನಮ್ಮನ್ನು ಬೈದರು. ಬೈಗುಳ ಕೇಳಿ ನನಗೆ ಸ್ವಲ್ಪ ಧೈರ್ಯ ಬಂತು. ಅವರಿಗೂ ಕಾರು ಕಾಣುತ್ತಿದೆ ಎಂದಾಯಿತು.

ಒಂದು ನಾಚಿಕೆಗೇಡಿನ ಮಾತು. ಆ ದಾರಿಯಲ್ಲಿ ನಾನು ಮಗುವಿನ ಮುಖವನ್ನು ನೋಡಿದ್ದಕ್ಕಿಂತ ಕಾರಿನ ಮೂತಿಯನ್ನು ನೋಡಿದ್ದೇ ಹೆಚ್ಚು. ಅದರ ತಗಡಿನ ಕೆಳಗೆ ಆ ಬರೀ ಕಡ್ಡಿ ತಿರುಗುತ್ತಿದೆ ಎಂಬುದೊಂದೇ ತಲೆಯಲ್ಲಿ. ಬೇಸಿಗೆಯ ಸಂಜೆ, ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿದ್ದರೂ ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಯಾರದೋ ವಾಸನೆ ಬಂತೇ, ಹೊಗೆಸೊಪ್ಪು, ಬೆವರು, ಏನಾದರೂ? ಏನೂ ಬರಲಿಲ್ಲ. ಪೆಟ್ರೋಲು ವಾಸನೆ ಬಂತು.

ಆಸ್ಪತ್ರೆಯ ಮುಂದೆ ಕಾರು ನಿಂತಿತು. ತಾವು ಆರಿಸಲಿಲ್ಲ, ತಾನಾಗಿಯೇ ಆರಿತು ಎಂದು ಬಾಷಾ ಸಾಬರು ಕೊನೆಯವರೆಗೂ ಹೇಳಿದರು. ನಾನು ಅಷ್ಟರಲ್ಲಿ ಮಗುವನ್ನೆತ್ತಿಕೊಂಡು ಒಳಗೆ ಓಡಿದ್ದೆ. ನಾನು ನೋಡದ್ದನ್ನು ಸೇರಿಸಿ ಹೇಳುವುದಿಲ್ಲ.

ಡಾಕ್ಟರು ರತ್ನಳ ಕೊರಳಿನಲ್ಲಿ ಸಣ್ಣ ತೂತು ಮಾಡಿ ನಳಿಕೆ ಇಟ್ಟರು. ಇಂಜೆಕ್ಷನ್ನು ಕೊಟ್ಟರು. ಗರಗಸ ನಿಂತು ನಳಿಕೆಯಲ್ಲಿ ಗಾಳಿ ಆಡತೊಡಗಿತು. ಇನ್ನೊಂದು ಗಳಿಗೆ ತಡವಾಗಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು. ಆ ಮಗುವಿಗೆ ಈಗ ಮೊಮ್ಮಕ್ಕಳಿದ್ದಾರೆ. ಕೊರಳಲ್ಲಿ ಗುರುತಿದೆ, ಸೆರಗು ಹೊದ್ದು ಮುಚ್ಚಿಕೊಳ್ಳುತ್ತಾಳೆ.

ಕಾರಿನ ಕೆಲಸ ಬಲ್ಲವರು ಆಮೇಲೆ ಏನೇನೋ ಹೇಳಿದ್ದಾರೆ. ಕಿಡಿ ಆ ಸಂದಿಯನ್ನು ಹಾರಿರಬಹುದು ಎಂದ ಒಬ್ಬ. ಹಾಗಾದರೆ ಅದಕ್ಕೆ ಮೊದಲು ಯಾಕೆ ಹಾರಲಿಲ್ಲ, ಆಮೇಲೆ ಯಾಕೆ ಹಾರಲಿಲ್ಲ ಎಂದೆ. ಬಾಷಾ ಸಾಬರು ಬೇರೊಂದು ತುಂಡನ್ನು ಗುಟ್ಟಾಗಿ ಹಾಕಿರಬೇಕು ಎಂದ ಇನ್ನೊಬ್ಬ. ಇದ್ದಿಲಿನ ಬಸ್ಸು ಓಡಿಸುವವರ ಜೇಬಿನಲ್ಲಿ ದೊರೆಯ ಕಾರಿನ ತುಂಡು ಯಾಕಿರುತ್ತದೆ? ನನಗೆ ಒಪ್ಪಿಗೆಯಾಗುವ ಮಾತನ್ನು ಇದುವರೆಗೆ ಯಾರೂ ಹೇಳಿಲ್ಲ. ನನಗೂ ಹೊಳೆದಿಲ್ಲ.

ಮರುದಿನ ಬೆಳಿಗ್ಗೆ ಮಗು ನಿದ್ದೆ ಹೋಗಿದ್ದಾಗ ನಾನು ಹೊರಗೆ ಬಂದೆ. ಬಾಷಾ ಸಾಬರು ತಮ್ಮ ಬಸ್ಸು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯನ್ನು ಕರೆದುಕೊಂಡು ಬಂದಿದ್ದರು. ರಾತ್ರಿಯಿಡೀ ಕಾರಿನಿಂದ ದೂರ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತೇ ಇದ್ದರಂತೆ. ಮೇಸ್ತ್ರಿ ಮುಚ್ಚಳ ತೆಗೆದು ನೋಡಿ ನಕ್ಕರು.

"ಯಾವ ಗಾಡಿಗೆ ಕಟ್ಟಿ ಎಳ್ಕೊಂಡು ಬಂದ್ರಿ ಸಾಬ್ರೇ?"

"ಓಡಿಸ್ಕೊಂಡು ಬಂದೆ."

"ಬೆಳಗ್ಗೆ ಬೆಳಗ್ಗೇನೇ ಹಾಕ್ಕೊಂಡಿದ್ದೀರಾ?"

ಬಾಷಾ ಸಾಬರು ನನ್ನ ಕಡೆ ನೋಡಿದರು. ನಾನೂ ಹೌದು ಎಂದೆ. ಮೇಸ್ತ್ರಿ ನಗು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು.

ಅಷ್ಟರಲ್ಲಿ ಒಂದು ಮಾವಿನ ಗಾಡಿ ಬಂದು ನಿಂತಿತು. ಯಜಮಾನರೂ ಅತ್ತೆಯೂ ಇಳಿದರು. ಇಬ್ಬರ ಮೈಮೇಲೂ ಕೆಮ್ಮಣ್ಣು. "ಮಗು?" ಎಂದರು. ಬದುಕಿದೆ ಎಂದೆ. ಯಜಮಾನರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಕಾರಿನ ಸದ್ದು ಅವರಿಗೆ ಗುಂಡಿಯೊಳಗಿಂದಲೇ ಕೇಳಿತ್ತಂತೆ. ಅಗೆಯುವುದನ್ನು ನಿಲ್ಲಿಸು ಎಂದು ಅತ್ತೆ ಹೇಳಲಿಲ್ಲವಂತೆ. ಚೀಲ ಇದೆಯೋ ಇಲ್ಲವೋ ನೋಡು ಎಂದರಂತೆ. ಇತ್ತು. ದಾರ ಬಿಗಿದ ಹಾಗೆಯೇ ಇತ್ತು.

ಅತ್ತೆ ಮಡಿಲಿನಿಂದ ಅದನ್ನು ತೆಗೆದರು. ಬಟ್ಟೆ ಶಿಥಿಲವಾಗಿತ್ತು, ಹಿಡಿದಲ್ಲೆಲ್ಲ ಹರಿಯುತ್ತಿತ್ತು. ಒಳಗೆ ಒಣಗಿ ಕಪ್ಪಾದ ಎಲೆ, ಅಡಿಕೆ, ಆ ತುಂಡು. ಮೇಸ್ತ್ರಿ ಅದನ್ನು ಒರೆಸಿ ಕಡ್ಡಿಯ ಮೇಲೆ ಕೂರಿಸಿ ಹ್ಯಾಂಡಲ್ ತಿರುಗಿಸಿದರು. ಕಾರು ಕೆಮ್ಮಿತು, ಹೊಗೆ ಬಿಟ್ಟಿತು, ನಾಲ್ಕಾರು ಸಲ ತಿರುಗಿಸಿದ ಮೇಲೆ ಹತ್ತಿಕೊಂಡಿತು. ಎಲ್ಲ ಕಾರುಗಳ ಹಾಗೆ.

"ಆರಿಸಿ" ಎಂದೆ. "ಆ ತುಂಡು ತೆಗೆದು ಕೊಡಿ."

ಅತ್ತೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಅವ್ನು ಬಂದಿದ್ನೇನೇ? ನಿಜ ಹೇಳು."

ಹೌದು ಎಂದಿದ್ದರೆ ಅವರಿಗೆ ಎಷ್ಟು ಸಮಾಧಾನವಾಗುತ್ತಿತ್ತೋ. "ನಾನು ನೋಡ್ಲಿಲ್ಲ ಅತ್ತೆ" ಎಂದೆ. ತುಂಡನ್ನು ನನ್ನ ಸೆರಗಿನ ಅಂಚು ಹರಿದು ಗಂಟು ಕಟ್ಟಿ ಅವರ ಅಂಗೈಗೆ ಹಾಕಿದೆ. "ತಗೊಂಡೋಗಿ. ಎಲ್ಲಿತ್ತೋ ಅಲ್ಲೇ ಇಡಿ. ಮೊದ್ಲು ಒಳಗೋಗಿ ಮೊಮ್ಮಗಳನ್ನ ನೋಡಿ."

ಅವರೆಲ್ಲ ಒಳಗೆ ಹೋದರು. ಮೇಸ್ತ್ರಿಯೂ ಬಾಷಾ ಸಾಬರೂ ಕಾಫಿಗೆಂದು ಬೀದಿಗಿಳಿದರು. ಕಾರಿನ ಹತ್ತಿರ ನಾನೊಬ್ಬಳೇ ಉಳಿದೆ. ಮುಚ್ಚಳ ಎತ್ತಿ ನೋಡಿದೆ. ಬರೀ ಕಡ್ಡಿ. ಮುಚ್ಚಿದೆ, ಕೊಂಡಿ ಸಿಕ್ಕಿಸಿದೆ. ಹ್ಯಾಂಡಲ್ ಹಿಡಿದು ಹಿಂದಿನ ಸಂಜೆ ಬೈದ ಮಾತನ್ನೇ ಬೈದು ತಿರುಗಿಸಿದೆ. ಮತ್ತೆ ತಿರುಗಿಸಿದೆ. ತೋಳು ಸೋಲುವವರೆಗೂ ತಿರುಗಿಸಿದೆ. ಏನೂ ಇಲ್ಲ. ಹ್ಯಾಂಡಲನ್ನು ಸೀಟಿನ ಮೇಲಿಟ್ಟು, ಅತ್ತೆಯ ಅಂಗೈಯಿಂದ ನನ್ನ ಕೈಗೆ ಹತ್ತಿದ ಕೆಮ್ಮಣ್ಣನ್ನು ಸೀರೆಗೆ ಒರೆಸಿಕೊಂಡು, ಮನೆಯವರಿಗೆಲ್ಲ ಇಡ್ಲಿ ತರಲು ಬೀದಿಯ ಕಡೆ ನಡೆದೆ.